ಓದುಗರ ಪ್ರಶ್ನೆ: ಪೆರಿಸ್ಕೋಪಿನಲ್ಲಿ ಕಂಡ ಹಡಗು ಎಷ್ಟು ದೂರ?

ಜಲಾಂತರ್ಗಾಮಿ ಆಟಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ. ಕಂಪ್ಯೂಟರಿನ ನೆರವು ತೆಗೆದು, ಎಲ್ಲವನ್ನೂ ಕೈಲೆಕ್ಕದಲ್ಲೇ ಮಾಡುವ ಹಂತಕ್ಕೆ ಬಂದಾಗ ದೂರ ಅಳೆಯುವುದು ಹೇಗೆ? ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ‘ವುಲ್ಫ್‌ಪ್ಯಾಕ್’ ಆಟದಲ್ಲಿ ಒಂದೇ ಹಡಗನ್ನು ಎರಡು ಸಲ ಅಳೆದರೆ ಒಮ್ಮೆ 250 ಮೀಟರ್, ಒಮ್ಮೆ 1,000 ಮೀಟರ್ ಬರುತ್ತದೆ. ಸೂತ್ರದಲ್ಲೇ ತಪ್ಪಿದೆಯೇ? — ದಾವಣಗೆರೆ

ಸೂತ್ರ ಸರಿಯಾಗಿದೆ. ತಪ್ಪಿರುವುದು ಮಸೂರದ ಬಲದ ಲೆಕ್ಕ. ಎರಡು ಉತ್ತರಗಳ ನಡುವೆ ಸರಿಯಾಗಿ ನಾಲ್ಕು ಪಟ್ಟು ವ್ಯತ್ಯಾಸವಿದೆ, ನೋಡಿ. ಜರ್ಮನ್ ದಾಳಿ ಪೆರಿಸ್ಕೋಪಿಗೆ ಎರಡು ಹಂತದ ವರ್ಧನೆ ಇತ್ತು: 1.5 ಪಟ್ಟು ಮತ್ತು 6 ಪಟ್ಟು. ಆರನ್ನು ಒಂದೂವರೆಯಿಂದ ಭಾಗಿಸಿದರೆ ನಾಲ್ಕು. ಹಡಗಿನ ಎತ್ತರ ಎಣಿಸಲು ಗಾಜಿನ ಮೇಲಿರುವ ಗೀಟುಗಳು ಎರಡೂ ಹಂತದಲ್ಲಿ ಅವೇ, ಹಡಗಿನ ಚಿತ್ರ ಮಾತ್ರ ನಾಲ್ಕು ಪಟ್ಟು ದೊಡ್ಡದಾಗುತ್ತದೆ.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ದೀಪಸ್ತಂಭ ಮತ್ತು ಹಡಗಿನ ಲೆಕ್ಕ ಮಾಡಿದವರಿಗೆ ಇದು ಗೊತ್ತಿರುವ ತ್ರಿಭುಜವೇ. ಮಾಸ್ಟಿನ (ಕೂವೆಮರದ) ಎತ್ತರ ಆಟದಲ್ಲಿರುವ ಹಡಗುಗಳ ಗುರುತಿನ ಪುಸ್ತಕದಿಂದ ಗೊತ್ತು, ಅದು ನಮ್ಮ ಕಣ್ಣಿನಲ್ಲಿ ಮಾಡುವ ಕೋನ ಗೊತ್ತು, ಹುಡುಕಬೇಕಾದದ್ದು ಬುಡದವರೆಗಿನ ದೂರ. ಕೋನ ತೀರ ಚಿಕ್ಕದಾದ್ದರಿಂದ ಟ್ಯಾನ್ ಕೋಷ್ಟಕ ಬೇಕಿಲ್ಲ, ಭಾಗಾಕಾರ ಸಾಕು. 1.5 ಪಟ್ಟಿನಲ್ಲಿ ಒಂದು ಗೀಟು ಎಂದರೆ ರೇಡಿಯನ್ನಿನ ನೂರನೇ ಒಂದು ಭಾಗ. ಅಂದರೆ 100 ಮೀಟರ್ ದೂರದಲ್ಲಿ 1 ಮೀಟರ್ ಎತ್ತರದ ವಸ್ತು ಒಂದು ಗೀಟಿನಷ್ಟು ಕಾಣುತ್ತದೆ. ಹೀಗಾಗಿ:

1.5 ಪಟ್ಟಿನಲ್ಲಿ: ದೂರ = ಮಾಸ್ಟಿನ ಎತ್ತರ × 100 ÷ ಗೀಟುಗಳು
6 ಪಟ್ಟಿನಲ್ಲಿ: ದೂರ = ಮಾಸ್ಟಿನ ಎತ್ತರ × 400 ÷ ಗೀಟುಗಳು

ಮಾಸ್ಟ್ 24 ಮೀಟರ್, 6 ಪಟ್ಟಿನಲ್ಲಿ ಒಂಬತ್ತೂವರೆ ಗೀಟು ಎಂದಿಟ್ಟುಕೊಳ್ಳಿ. 9,600ನ್ನು 9.5ರಿಂದ ಭಾಗಿಸಿದರೆ 1,010 ಮೀಟರ್. ಅದೇ ಗೀಟುಗಳಿಗೆ 100 ಹಾಕಿದರೆ 253 ಬರುತ್ತದೆ. ನಿಮಗೆ ಬಂದದ್ದು ಅದೇ. ನಾಲ್ಕು ಜನ ಒಂದೇ ದೋಣಿಯಲ್ಲಿ ಆಡುವಾಗ ಪೆರಿಸ್ಕೋಪಿನ ಮುಂದಿರುವವರು ಬರೀ “ಒಂಬತ್ತೂವರೆ” ಎಂದು ಕೂಗಬಾರದು. “ಆರು ಪಟ್ಟು, ಒಂಬತ್ತೂವರೆ” ಎನ್ನಬೇಕು. ಅಳತೆ ಯಾವಾಗಲೂ 6 ಪಟ್ಟಿನಲ್ಲೇ ಇರಲಿ. 1.5 ಪಟ್ಟು ಸುತ್ತ ಕಣ್ಣಾಡಿಸುವುದಕ್ಕೆ.

ಪ್ರಶ್ನೆ: ಅಗಲ ಪರದೆಗೆ ಹೊಂದುವ ಮಾಡ್ (ಆಟವನ್ನು ಮಾರ್ಪಡಿಸುವ ಹೆಚ್ಚುವರಿ ತಂತ್ರಾಂಶ) ಹಾಕಿದ ಮೇಲೆ ‘ಸೈಲೆಂಟ್ ಹಂಟರ್ 3’ರಲ್ಲಿ ಗೀಟಿನ ಲೆಕ್ಕ ಕೂಡಿಬರುತ್ತಿಲ್ಲ. — ಬೆಂಗಳೂರು

2005ರ ಆ ಆಟವನ್ನು 1024 × 768ರ ಪರದೆಗೆಂದು ಮಾಡಿದ್ದರು. ಮಾಡ್ ಚಿತ್ರವನ್ನು ಅಗಲಿಸಿದಾಗ ಪೆರಿಸ್ಕೋಪಿನ ನೋಟದ ಕೋನ ಬದಲಾಗಬಹುದು, ಗೀಟಿನ ಚಿತ್ರ ಬದಲಾಗದೆ ಉಳಿಯಬಹುದು. ಆಗ 400 ಎಂಬ ಅಂಕಿಗೆ ಅರ್ಥವಿರುವುದಿಲ್ಲ. ನಿಮ್ಮ ಪರದೆಯ ಅಂಕಿಯನ್ನು ನೀವೇ ಕಂಡುಕೊಳ್ಳಬೇಕು. ಹತ್ತು ನಿಮಿಷದ ಕೆಲಸ.

ಕದಲದ ಒಂದು ವಸ್ತು ಹುಡುಕಿ: ದೀಪಸ್ತಂಭ, ಲಂಗರು ಹಾಕಿದ ಹಡಗಿನ ಮಾಸ್ಟ್, ಏನಾದರೂ ಸರಿ. ನಿಮ್ಮ ದೋಣಿಯೂ ನಿಂತಿರಲಿ. 1.5 ಪಟ್ಟಿನಲ್ಲಿ ಆ ವಸ್ತುವನ್ನು ನಡುಗೆರೆಗೆ ತಂದು ಬೇರಿಂಗ್ (ಅದು ಕಾಣುವ ದಿಕ್ಕು, ಡಿಗ್ರಿಯಲ್ಲಿ) ಬರೆದುಕೊಳ್ಳಿ. ಆಮೇಲೆ ಅದು ಹತ್ತನೇ ಗೀಟಿಗೆ ಬರುವವರೆಗೆ ಪೆರಿಸ್ಕೋಪ್ ತಿರುಗಿಸಿ ಮತ್ತೆ ಬೇರಿಂಗ್ ನೋಡಿ. ವ್ಯತ್ಯಾಸ 5.7 ಡಿಗ್ರಿ ಇದ್ದರೆ ನಿಮ್ಮ ಗೀಟು ಸರಿ. ಆಟ ಇಡೀ ಡಿಗ್ರಿಗಳನ್ನಷ್ಟೇ ತೋರಿಸುತ್ತಿದ್ದರೆ ಎಡತುದಿಯಿಂದ ಬಲತುದಿಯವರೆಗಿನ ಎಲ್ಲ ಗೀಟುಗಳನ್ನೂ ಬಳಸಿ, ತಪ್ಪು ಹಂಚಿಹೋಗುತ್ತದೆ.

ಆದರೆ ಇದು ಎಡದಿಂದ ಬಲಕ್ಕೆ ಸಾಲಾಗಿರುವ ಗೀಟುಗಳ ಪರೀಕ್ಷೆ. ದೂರಕ್ಕೆ ಬೇಕಾದದ್ದು ಮೇಲಿಂದ ಕೆಳಕ್ಕೆ ಸಾಲಾಗಿರುವ ಗೀಟು, ಹಿಗ್ಗಿದ ಚಿತ್ರದಲ್ಲಿ ಇವೆರಡೂ ಬೇರೆಬೇರೆ ಇರುತ್ತವೆ. ಆದ್ದರಿಂದ ನೌಕಾ ತರಬೇತಿಯ ಮಿಷನ್ ಒಂದರಲ್ಲಿ ನಕ್ಷೆಯ ಮೇಲೆ ಹಡಗು ಕಾಣುವ ಆಯ್ಕೆ ಹಾಕಿ, ನಕ್ಷೆಯ ಅಳತೆಪಟ್ಟಿಯಿಂದ ನಿಜವಾದ ದೂರ ತೆಗೆಯಿರಿ. ದೂರವನ್ನು ಗೀಟುಗಳಿಂದ ಗುಣಿಸಿ ಮಾಸ್ಟಿನ ಎತ್ತರದಿಂದ ಭಾಗಿಸಿದರೆ ನಿಮ್ಮ ಪರದೆಯ ಸ್ಥಿರಾಂಕ ಸಿಗುತ್ತದೆ. ಮೂರು ಬೇರೆ ಬೇರೆ ಹಡಗುಗಳಿಗೆ ಮಾಡಿ. ಮೂರೂ ಹತ್ತಿರ ಹತ್ತಿರ ಬಂದರೆ ಆ ಅಂಕಿಯನ್ನು 400ರ ಜಾಗದಲ್ಲಿ ಬಳಸಿ. ಎರಡು ಹೊಂದಿ ಒಂದು ಮಾತ್ರ ದೂರ ನಿಂತರೆ ದೋಷ ಗೀಟಿನದಲ್ಲ, ಆ ಹಡಗಿನ ಎತ್ತರದ್ದು. ಮುಂದಿನ ಪ್ರಶ್ನೆ ಅದರದ್ದೇ.

ಪ್ರಶ್ನೆ: ಗುರುತಿನ ಪುಸ್ತಕದಲ್ಲಿರುವ ಮಾಸ್ಟಿನ ಎತ್ತರವನ್ನು ನಂಬಬಹುದೇ? — ಮೈಸೂರು

ಪರೀಕ್ಷಿಸದೆ ನಂಬಬೇಡಿ. ಆಟದ ಪುಸ್ತಕದಲ್ಲಿ ಕೊಟ್ಟ ಅಂಕಿ ಕೆಲವು ಹಡಗುಗಳಿಗೆ ಮಾಸ್ಟಿನ ತುದಿಗಲ್ಲ, ಹೊಗೆ ಕೊಳವೆಯ ತುದಿಗೋ ಬೇರೆ ಮಾಸ್ಟಿಗೋ ಹೊಂದುತ್ತದೆ. ಮೇಲೆ ಹೇಳಿದಂತೆ ನಿಜ ದೂರ ಗೊತ್ತಿರುವಾಗ ತಿರುಗಿಸಿ ಲೆಕ್ಕ ಹಾಕಿ: 1,200 ಮೀಟರಿನಲ್ಲಿ 8 ಗೀಟು ಬಂದರೆ 1,200 × 8 ÷ 400 = 24 ಮೀಟರ್. ಪುಸ್ತಕ 30 ಎನ್ನುತ್ತಿದ್ದರೆ ಪುಸ್ತಕದ ಪಕ್ಕದಲ್ಲಿ 24 ಎಂದು ಬರೆದಿಟ್ಟುಕೊಳ್ಳಿ. ಎತ್ತರದಲ್ಲಿ ಶೇಕಡಾ 10 ತಪ್ಪಿದರೆ ದೂರವೂ ಶೇಕಡಾ 10 ತಪ್ಪುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಎರಡನೇ ಮಹಾಯುದ್ಧದ ನಿಜವಾದ ಕ್ಯಾಪ್ಟನ್‌ಗಳಿಗೂ ಈ ತೊಡಕಿತ್ತು. ಸರಕು ತುಂಬಿದ ಹಡಗು ನೀರಿನಲ್ಲಿ ಆಳಕ್ಕೆ ಕೂರುತ್ತದೆ, ಖಾಲಿ ಹಡಗು ಮೇಲೆ ತೇಲುತ್ತದೆ. ಮಾಸ್ಟಿನ ಉದ್ದ ಅದೇ ಆದರೂ ನೀರಿನಿಂದ ಅದರ ಎತ್ತರ ಕೆಲವು ಮೀಟರ್ ಆಚೀಚೆ ಆಗುತ್ತದೆ.

ಪ್ರಶ್ನೆ: ಶಾಂತ ಸಮುದ್ರದಲ್ಲಿ ದೂರ ಸರಿಯಾಗಿ ಬರುತ್ತದೆ. ಅಲೆ ಎದ್ದ ದಿನ ಯಾವಾಗಲೂ ಹೆಚ್ಚೇ ಬರುತ್ತದೆ, ಒಮ್ಮೆಯೂ ಕಡಿಮೆ ಬರುವುದಿಲ್ಲ. ಏಕೆ? — ಕಾರವಾರ

ಚೆನ್ನಾಗಿ ಗಮನಿಸಿದ್ದೀರಿ, ಕಾರಣವೂ ನಿಮ್ಮ ಪ್ರಶ್ನೆಯಲ್ಲೇ ಇದೆ. ಪೆರಿಸ್ಕೋಪಿನ ಕಣ್ಣು ನೀರಿನಿಂದ ಒಂದೆರಡು ಮೀಟರ್ ಮೇಲಿರುತ್ತದೆ ಅಷ್ಟೆ. ಎದುರಿನ ಅಲೆ ಹಡಗಿನ ಬುಡವನ್ನು ಮುಚ್ಚುತ್ತದೆ. ನೀವು ನೀರಂಚು ಎಂದು ಹಿಡಿದದ್ದು ಹಡಗಿನ ನೀರಂಚಲ್ಲ, ನಡುವಿನ ಅಲೆಯ ನೆತ್ತಿ. ಮಾಸ್ಟಿನ ತುದಿಯನ್ನು ಮಾತ್ರ ಅಲೆ ಮುಟ್ಟುವುದಿಲ್ಲ. ಹೀಗಾಗಿ ಕೋನ ಯಾವಾಗಲೂ ಕುಗ್ಗುತ್ತದೆ, ದೂರ ಯಾವಾಗಲೂ ಹಿಗ್ಗುತ್ತದೆ.

ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯುವುದು ಇಲ್ಲಿ ತಪ್ಪು ಮದ್ದು. ತಪ್ಪೆಲ್ಲ ಒಂದೇ ಕಡೆಗಿರುವಾಗ ಸರಾಸರಿಯೂ ಆ ಕಡೆಗೇ ವಾಲುತ್ತದೆ. ಅವುಗಳಲ್ಲಿ ಅತಿ ಹೆಚ್ಚು ಗೀಟು ಬಂದ ಅಳತೆಯನ್ನು, ಅಂದರೆ ಅತಿ ಕಡಿಮೆ ದೂರವನ್ನು ಇಟ್ಟುಕೊಳ್ಳಿ. ನಿಮ್ಮ ದೋಣಿ ಅಲೆಯ ನೆತ್ತಿಗೆ ಏರಿದ ಕ್ಷಣದಲ್ಲಿ ಅಳೆಯಿರಿ. ಪೆರಿಸ್ಕೋಪನ್ನು ಅರ್ಧ ಮೀಟರ್ ಹೆಚ್ಚು ಎತ್ತಿದರೂ ಪ್ರಯೋಜನವಿದೆ, ಆದರೆ ಬೆಂಗಾವಲು ಹಡಗು ಹತ್ತಿರವಿದ್ದರೆ ಆ ಅರ್ಧ ಮೀಟರ್ ದುಬಾರಿ. ದೋಣಿ ವಾಲುವುದರಿಂದ ಆಗುವ ತಪ್ಪಿಗೆ ಅಂಜಬೇಕಿಲ್ಲ: ಹತ್ತು ಡಿಗ್ರಿ ವಾಲಿದರೂ ಅಳತೆ ಶೇಕಡಾ ಒಂದೂವರೆಯಷ್ಟೇ ಕೆಡುತ್ತದೆ.

ದೂರ ಹೆಚ್ಚಿದಷ್ಟೂ ಎಣಿಕೆಯ ತಪ್ಪಿನ ಪೆಟ್ಟು ಜೋರು. 24 ಮೀಟರ್ ಮಾಸ್ಟ್ 1,000 ಮೀಟರಿನಲ್ಲಿ 9.6 ಗೀಟು. ಅರ್ಧ ಗೀಟು ಆಚೀಚೆ ಆದರೆ ಉತ್ತರ 950ರಿಂದ 1,055. ಅದೇ ಹಡಗು 2,400 ಮೀಟರಿನಲ್ಲಿ ಬರೀ 4 ಗೀಟು. ಅಲ್ಲಿ ಅರ್ಧ ಗೀಟು ತಪ್ಪಿದರೆ 2,130ರಿಂದ 2,740. ದೂರದ ಅಳತೆಯನ್ನು ಹಡಗಿನ ದಾರಿ ಊಹಿಸಲು ಬಳಸಿ, ಟಾರ್ಪಿಡೊ ಬಿಡುವ ಗುಂಡಿ ಒತ್ತಲು ಬಳಸಬೇಡಿ.

ಪ್ರಶ್ನೆ: ‘ಸೈಲೆಂಟ್ ಹಂಟರ್ 4’ರ ಅಮೆರಿಕನ್ ಸ್ಟೇಡಿಮೀಟರ್ ಹೇಗೆ ಬಳಸುವುದು? ಅಡಿ, ಗಜ, ಮೀಟರ್ ಎಲ್ಲ ಕಲಸಿಹೋಗುತ್ತಿವೆ. — ಡಲ್ಲಾಸ್

ಅದು ಗೀಟು ಎಣಿಸುವ ಬದಲು ಚಿತ್ರವನ್ನೇ ಎರಡಾಗಿ ಒಡೆಯುವ ಸಾಧನ. ಮೊದಲು ಹಡಗನ್ನು ಪುಸ್ತಕದಲ್ಲಿ ಗುರುತಿಸಿ, ಏಕೆಂದರೆ ಅದು ಬಳಸುವ ಎತ್ತರ ಅಲ್ಲಿಂದಲೇ ಬರುತ್ತದೆ. ಸ್ಟೇಡಿಮೀಟರ್ ತೆರೆದಾಗ ಅದೇ ಹಡಗಿನ ಎರಡನೇ ಚಿತ್ರ ಕಾಣುತ್ತದೆ. ಎರಡನೆಯದರ ನೀರಂಚು ಮೊದಲನೆಯದರ ಮಾಸ್ಟಿನ ತುದಿಗೆ ಮುಟ್ಟುವವರೆಗೆ ಎಳೆದು ಒಪ್ಪಿಸಿ. ಆ ಕ್ಷಣದ ದೂರ, ಬೇರಿಂಗ್ ಎರಡೂ ಟಾರ್ಪಿಡೊ ಗಣಕಕ್ಕೆ (ಗುರಿಯ ಲೆಕ್ಕ ಹಾಕುವ ಯಂತ್ರಕ್ಕೆ) ಹೋಗುತ್ತವೆ. ಹಡಗನ್ನು ತಪ್ಪಾಗಿ ಗುರುತಿಸಿದ್ದರೆ ಚಿತ್ರ ಎಷ್ಟು ಅಂದವಾಗಿ ಕೂಡಿದರೂ ದೂರ ತಪ್ಪೇ.

ಅಳತೆಗಳ ಮಟ್ಟಿಗೆ, ಎತ್ತರ ಅಡಿಯಲ್ಲಿ, ಕೋನ ಡಿಗ್ರಿಯಲ್ಲಿ ಇದ್ದಾಗ: ಗಜ = ಅಡಿ × 19.1 ÷ ಡಿಗ್ರಿ. 80 ಅಡಿಯ ಮಾಸ್ಟ್ ಒಂದೂವರೆ ಡಿಗ್ರಿ ತುಂಬಿದರೆ ಸುಮಾರು 1,019 ಗಜ, ಅಂದರೆ 932 ಮೀಟರ್. ಗಜವನ್ನೇ ಮೀಟರ್ ಎಂದುಕೊಂಡರೆ ಶೇಕಡಾ 9ರಷ್ಟು ತಪ್ಪು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಆಯ್ಕೆಗಳಲ್ಲಿ ಒಂದು ಪದ್ಧತಿ ಆರಿಸಿ, ಆಮೇಲೆ ಬದಲಿಸಬೇಡಿ.

ಪ್ರಶ್ನೆ: ದೂರವನ್ನು 50 ಮೀಟರಿನ ಒಳಗೆ ಸರಿಯಾಗಿ ತೆಗೆಯುತ್ತೇನೆ. ಆದರೂ ಟಾರ್ಪಿಡೊ ಹಡಗಿನ ಮುಂದೆ ಹಾದುಹೋಗುತ್ತದೆ. ಇನ್ನೂ ನಿಖರವಾಗಿ ಅಳೆಯುವುದು ಹೇಗೆ? — ಶಿವಮೊಗ್ಗ

ಇನ್ನೂ ನಿಖರವಾಗಿ ಅಳೆಯಬೇಡಿ. ನಿಮ್ಮ ದೂರ ಸಾಕಷ್ಟು ಸರಿಯಾಗಿದೆ, ತಪ್ಪಿರುವುದು ವೇಗ. ಈ ಅಂಕಣದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ ಎಂದು ಎಲ್ಲರಿಗೂ ಹೇಳುತ್ತೇವೆ, ಏಕೆಂದರೆ ದೂರದ ಹಿಂದೆ ಬಿದ್ದು ವೇಗವನ್ನು ಮರೆಯುವ ತಪ್ಪು ಎಲ್ಲೆಡೆ ಕಾಣುತ್ತದೆ.

ಟಾರ್ಪಿಡೊ ನಿಮ್ಮ ದೋಣಿಯ ಮೂತಿಯಿಂದ ನೇರವಾಗಿ, ತಿರುವಿಲ್ಲದೆ ಹೋಗಿ, ಹಡಗಿನ ದಾರಿಯನ್ನು ಲಂಬವಾಗಿ ಕತ್ತರಿಸುವಂತೆ ನಿಂತಿದ್ದೀರಿ ಎನ್ನಿ. ಜರ್ಮನ್ ವಿದ್ಯುತ್ ಟಾರ್ಪಿಡೊ ಜಿ7ಇಯ ವೇಗ 30 ನಾಟ್, ಹಡಗಿನದು 8 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ಎಂಟನ್ನು ಮೂವತ್ತರಿಂದ ಭಾಗಿಸಿದರೆ 0.267, ಆ ಟ್ಯಾನ್ ಬೆಲೆಯ ಕೋನ 15 ಡಿಗ್ರಿ. ಹಡಗು ಬರುತ್ತಿರುವ ಕಡೆಗೆ ಪೆರಿಸ್ಕೋಪನ್ನು ಮೂತಿಯಿಂದ 15 ಡಿಗ್ರಿ ತಿರುಗಿಸಿಟ್ಟು, ಹಡಗಿನ ನಡುಭಾಗ ಗೆರೆಗೆ ಬಂದಾಗ ಬಿಡಿ. ಹಡಗು 600 ಮೀಟರಿನಲ್ಲಿದ್ದರೂ 1,600ರಲ್ಲಿದ್ದರೂ ಕೋನ ಅದೇ 15. ಲೆಕ್ಕದಲ್ಲಿ ದೂರವೇ ಇಲ್ಲ. 44 ನಾಟ್‌ನ ಜಿ7ಎ ಆದರೆ ಸುಮಾರು 10 ಡಿಗ್ರಿ.

ಹಾಗಾದರೆ ದೂರ ಏತಕ್ಕೆ? ಮೂರು ಕಾರಣಕ್ಕೆ. ಒಂದು, ಟಾರ್ಪಿಡೊ ತಲುಪಬೇಕು, ಮತ್ತು ಸಿಡಿತಲೆ ಸಿದ್ಧವಾಗುವಷ್ಟು ದೂರ ಓಡಿರಬೇಕು. ‘ಸೈಲೆಂಟ್ ಹಂಟರ್ 3’ರಲ್ಲಿ ಸುಮಾರು 300 ಮೀಟರಿಗಿಂತ ಹತ್ತಿರ ಬಿಡುವುದು ವ್ಯರ್ಥ. ಎರಡು, ಟಾರ್ಪಿಡೊ ಕೊಳವೆಯಿಂದ ಹೊರಟ ಮೇಲೆ ದೊಡ್ಡ ಕೋನಕ್ಕೆ ತಿರುಗಬೇಕಾದಾಗ. ಏಳನೇ ಮಾದರಿಯ ಯು-ಬೋಟ್ (ಜರ್ಮನ್ ಜಲಾಂತರ್ಗಾಮಿ) 67 ಮೀಟರ್ ಉದ್ದ, ಪೆರಿಸ್ಕೋಪ್ ನಡುವಿನಲ್ಲಿ, ಕೊಳವೆ ಮೂತಿಯಲ್ಲಿ. ನೀವು ನೋಡುವ ಜಾಗ ಬೇರೆ, ಟಾರ್ಪಿಡೊ ಹೊರಡುವ ಜಾಗ ಬೇರೆ. ನೇರ ಹೊಡೆತದಲ್ಲಿ ಈ ಅಂತರ ಲೆಕ್ಕಕ್ಕಿಲ್ಲ. 40–50 ಡಿಗ್ರಿ ತಿರುವಿದ್ದರೆ ಅದನ್ನು ಸರಿದೂಗಿಸಲು ಗಣಕಕ್ಕೆ ಸರಿಯಾದ ದೂರ ಬೇಕೇ ಬೇಕು.

ಮೂರನೆಯದರಲ್ಲೇ ನಿಮ್ಮ ಸಮಸ್ಯೆ ಅಡಗಿದೆ. ಎರಡು ಸಲ ದೂರ, ಬೇರಿಂಗ್ ತೆಗೆದು, ನಕ್ಷೆಯಲ್ಲಿ ಎರಡು ಚುಕ್ಕೆ ಇಟ್ಟು ವೇಗ ಕಂಡುಹಿಡಿಯುತ್ತಿದ್ದೀರಿ ತಾನೆ? 3 ನಿಮಿಷ 15 ಸೆಕೆಂಡಿನಲ್ಲಿ ಎಷ್ಟು ನೂರು ಮೀಟರ್ ಸಾಗಿದರೆ ಅಷ್ಟು ನಾಟ್ ಎಂಬ ಸೂತ್ರ ಸುಲಭವಾದದ್ದೇ. ಆದರೆ ಒಂದೊಂದು ದೂರದಲ್ಲಿ 50 ಮೀಟರ್ ತಪ್ಪಿ, ಎರಡು ತಪ್ಪು ವಿರುದ್ಧ ದಿಕ್ಕಿಗೆ ಬಿದ್ದರೆ ವೇಗದಲ್ಲಿ ಒಂದು ನಾಟ್‌ವರೆಗೆ ಹೋಯಿತು. ಇನ್ನೊಂದು ಬಗೆಯ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಮಾಸ್ಟಿನ ಎತ್ತರವನ್ನು ಶೇಕಡಾ 20 ಹೆಚ್ಚು ಹಿಡಿದಿದ್ದರೆ ಎರಡೂ ದೂರ ಶೇಕಡಾ 20 ಹಿಗ್ಗುತ್ತವೆ. ನಿಮ್ಮ ದೋಣಿ ನಿಂತಿದ್ದರೆ ನಕ್ಷೆಯಲ್ಲಿ ಹಡಗಿನ ದಿಕ್ಕು ಸರಿಯಾಗಿಯೇ ಕಾಣುತ್ತದೆ, ವೇಗ ಮಾತ್ರ 8ರ ಬದಲು 9.6 ಆಗುತ್ತದೆ. ಟಾರ್ಪಿಡೊ ಪ್ರತಿ ಸಲ ಮುಂದೆಯೇ ಹೋದರೆ ಮೊದಲು ಇದನ್ನೇ ಅನುಮಾನಿಸಿ.

ದೂರದ ಹಂಗಿಲ್ಲದೆ ವೇಗ ತೆಗೆಯುವ ದಾರಿ ಇದೆ. ನಿಮ್ಮ ದೋಣಿಯನ್ನು ನಿಲ್ಲಿಸಿ. ನಿಲ್ಲಿಸಲಾಗದಿದ್ದರೆ ಮೂತಿಯನ್ನು ಹಡಗಿನ ದಾರಿಯತ್ತ ಇಟ್ಟು ಪೆರಿಸ್ಕೋಪನ್ನು ಸೊನ್ನೆ ಡಿಗ್ರಿಗೆ ಕಟ್ಟಿ, ಆಗ ನಿಮ್ಮ ಚಲನೆ ಆ ಗೆರೆಯ ಉದ್ದಕ್ಕೇ ಇರುವುದರಿಂದ ಅಳತೆ ಕೆಡುವುದಿಲ್ಲ. ಹಡಗಿನ ಮೂತಿ ನಡುಗೆರೆಗೆ ತಾಗಿದಾಗ ಗಡಿಯಾರ ಒತ್ತಿ, ಹಿಂತುದಿ ದಾಟಿದಾಗ ನಿಲ್ಲಿಸಿ.

ವೇಗ (ನಾಟ್) = ಹಡಗಿನ ಉದ್ದ (ಮೀಟರ್) × 1.94 ÷ ಸೆಕೆಂಡು

ಯುದ್ಧಕಾಲದ ಅಮೆರಿಕನ್ ಸರಕು ಹಡಗು ‘ಲಿಬರ್ಟಿ’ಯ ಉದ್ದ ಸುಮಾರು 134.5 ಮೀಟರ್. 33 ಸೆಕೆಂಡಿನಲ್ಲಿ ದಾಟಿದರೆ 7.9 ನಾಟ್. ಒಂದು ಸೆಕೆಂಡು ಎಡವಿದರೂ ತಪ್ಪು ಕಾಲು ನಾಟ್ ಅಷ್ಟೆ. ಹಡಗು ಓರೆಯಾಗಿ ಬರುತ್ತಿದ್ದರೂ ಈ ಲೆಕ್ಕ ನಡೆಯುತ್ತದೆ. ಬಹುಪಾಲು ಎದುರಿನಿಂದಲೇ ಬರುತ್ತಿದ್ದರೆ ಅದರ ಅಗಲ ಸೇರಿಕೊಂಡು ಕೆಡುತ್ತದೆ.

ಇನ್ನು, ಹತ್ತಿರ ಹೋದಷ್ಟೂ ವೇಗದ ತಪ್ಪು ಕ್ಷಮೆಗೆ ಸಿಗುತ್ತದೆ. 30 ನಾಟ್ ಟಾರ್ಪಿಡೊಗೆ 1,000 ಮೀಟರ್ ಓಡಲು 65 ಸೆಕೆಂಡು ಬೇಕು. ವೇಗದಲ್ಲಿ ಒಂದು ನಾಟ್ ತಪ್ಪಿದರೆ ಅಷ್ಟರಲ್ಲಿ 33 ಮೀಟರ್ ವ್ಯತ್ಯಾಸ. ಲಿಬರ್ಟಿಯ ನಡುವಿಗೆ ಗುರಿಯಿಟ್ಟಿದ್ದರೆ ಎರಡೂ ಕಡೆ 67 ಮೀಟರ್ ಹಡಗಿದೆ, ಹೊಡೆತ ತಾಗುತ್ತದೆ. 2,500 ಮೀಟರಿನಿಂದ ಬಿಟ್ಟರೆ ವ್ಯತ್ಯಾಸ 83 ಮೀಟರ್, ತಪ್ಪುತ್ತದೆ.

ಪ್ರಶ್ನೆ: ಹಡಗು ಯಾವ ಕೋನದಲ್ಲಿ ತಿರುಗಿದೆ ಎನ್ನುವುದಕ್ಕೂ (ಎಒಬಿ, ಅಂದರೆ ಹಡಗಿನ ಮೂತಿಯ ದಿಕ್ಕಿಗೂ ನಾವು ನೋಡುವ ಗೆರೆಗೂ ನಡುವಿನ ಕೋನ) ದೂರ ಬೇಕೇ? — ಹುಬ್ಬಳ್ಳಿ

ಬೇಡ. ಗೀಟುಗಳಲ್ಲಿ ಕಂಡ ಉದ್ದವನ್ನು ಕಂಡ ಎತ್ತರದಿಂದ ಭಾಗಿಸಿ. 38 ಗೀಟು ಉದ್ದ, 9.5 ಗೀಟು ಎತ್ತರ ಎಂದರೆ 4. ಪುಸ್ತಕದಲ್ಲಿ ಉದ್ದ 134, ಎತ್ತರ 24 ಇದ್ದರೆ ಅಲ್ಲಿ 5.58. ನಾಲ್ಕನ್ನು 5.58ರಿಂದ ಭಾಗಿಸಿದರೆ 0.716, ಸೈನ್ ಕೋಷ್ಟಕದಲ್ಲಿ ಸುಮಾರು 46 ಡಿಗ್ರಿ. ದೂರ ತಾನಾಗಿಯೇ ಹೊಡೆದುಹೋಗುತ್ತದೆ. ಹಡಗು ಹತ್ತಿರ ಬರುತ್ತಿದೆಯೋ ದೂರ ಹೋಗುತ್ತಿದೆಯೋ (46 ಅಥವಾ 134) ಎಂಬುದನ್ನು ಕಣ್ಣಿನಿಂದಲೇ ತೀರ್ಮಾನಿಸಬೇಕು. 70 ಡಿಗ್ರಿ ಮೀರಿದರೆ ಈ ವಿಧಾನ ಮೊಂಡು: 70ಕ್ಕೆ ಸೈನ್ 0.94, 90ಕ್ಕೆ 1. ಒಂದು ಗೀಟು ತಪ್ಪಿದರೂ ಹತ್ತಾರು ಡಿಗ್ರಿ ಜಾರುತ್ತದೆ. ಅಲ್ಲಿ ನಕ್ಷೆಯ ಮೇಲೆ ಎಳೆದ ದಾರಿಯೇ ಮೇಲು.

ಪ್ರಶ್ನೆ: ರಾತ್ರಿ ಮಾಸ್ಟಿನ ತುದಿ ಕಾಣುವುದೇ ಇಲ್ಲ. — ಮಂಗಳೂರು

ಹೊಗೆ ಕೊಳವೆ ಅಥವಾ ಹಡಗು ನಡೆಸುವ ಕೋಣೆಯ ಮೇಲ್ಛಾವಣಿ ಕಾಣುತ್ತದಲ್ಲ, ಅದನ್ನೇ ಅಳೆಯಿರಿ. ಪುಸ್ತಕದ ಪಕ್ಕನೋಟದ ಚಿತ್ರದ ಮೇಲೆ, ಪರದೆಗೇ ಸ್ಕೇಲ್ ಹಿಡಿದು, ಮಾಸ್ಟ್ ಮತ್ತು ಕೊಳವೆ ಎರಡರ ಎತ್ತರ ತೆಗೆಯಿರಿ. ಮಾಸ್ಟ್ 40 ಮಿಲಿಮೀಟರ್, ಕೊಳವೆ 24 ಇದ್ದರೆ ಕೊಳವೆ ಮಾಸ್ಟಿನ 0.6 ಪಾಲು. 24 ಮೀಟರ್ ಮಾಸ್ಟಿಗೆ 14.4 ಮೀಟರ್ ಕೊಳವೆ. ಈ ಅಂಕಿಗಳನ್ನು ಹಗಲಿನಲ್ಲೇ ಸಿದ್ಧಪಡಿಸಿಟ್ಟುಕೊಳ್ಳಿ.

ಪ್ರಶ್ನೆ: ಬಂದರಿನೊಳಗೆ ಲಂಗರು ಹಾಕಿದ ಹಡಗು, ಪುಸ್ತಕದಲ್ಲಿಲ್ಲದ ಮಾದರಿ. ಎತ್ತರವೇ ಗೊತ್ತಿಲ್ಲದೆ ದೂರ ತೆಗೆಯಬಹುದೇ? — ಉಡುಪಿ

ಗುರಿ ನಿಂತಿದ್ದರೆ ತೆಗೆಯಬಹುದು. ಮೊದಲು ಗೀಟು ಎಣಿಸಿ: 6 ಎನ್ನಿ. ನೇರವಾಗಿ ಅದರತ್ತ ಗೊತ್ತಾದಷ್ಟು ದೂರ ಸಾಗಿ. 4 ನಾಟ್‌ನಲ್ಲಿ ನಿಮಿಷಕ್ಕೆ 123 ಮೀಟರ್, ಅಂದರೆ 500 ಮೀಟರಿಗೆ ನಾಲ್ಕು ನಿಮಿಷ ಚಿಲ್ಲರೆ. ವೇಗ ಪೂರ್ತಿ ಹಿಡಿದ ಮೇಲೆ ಗಡಿಯಾರ ಒತ್ತಿ, ಮೊದಲ ಎಣಿಕೆಯೂ ಆ ಕ್ಷಣದ್ದೇ ಇರಲಿ. ಮತ್ತೆ ಎಣಿಸಿ: 8 ಬಂತು. ಸಾಗಿದ ದೂರವನ್ನು ಮೊದಲ ಎಣಿಕೆಯಿಂದ ಗುಣಿಸಿ, ಎರಡರ ವ್ಯತ್ಯಾಸದಿಂದ ಭಾಗಿಸಿ: 500 × 6 ÷ 2 = 1,500 ಮೀಟರ್, ಈಗ ಉಳಿದಿರುವ ದೂರ. ವ್ಯತ್ಯಾಸ ಎರಡೇ ಗೀಟು ಇರುವಾಗ ಅರ್ಧ ಗೀಟಿನ ತಪ್ಪೂ ದೊಡ್ಡದು, ಆದ್ದರಿಂದ ಎಣಿಕೆ ಒಂದೂವರೆ ಪಟ್ಟಾದರೂ ಆಗುವವರೆಗೆ ಸಾಗಿ. ಮಾಸ್ಟೇ ಆಗಬೇಕೆಂದಿಲ್ಲ, ಎರಡೂ ಸಲ ಅದೇ ವಸ್ತುವಾಗಿದ್ದರೆ ಸರಿ.

ಪ್ರಶ್ನೆ: ನಿಜವಾದ ಪೆರಿಸ್ಕೋಪ್ ಇರುವ ಜಲಾಂತರ್ಗಾಮಿಯನ್ನು ನಮ್ಮ ಹತ್ತಿರದಲ್ಲಿ ಎಲ್ಲಿ ನೋಡಬಹುದು? — ಬಳ್ಳಾರಿ

ವಿಶಾಖಪಟ್ಟಣದ ಆರ್.ಕೆ. ಬೀಚ್‌ನಲ್ಲಿ. 1969ರಲ್ಲಿ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತವಾದ ಐಎನ್ಎಸ್ ಕುರ್ಸುರಾ 2002ರಿಂದ ಅಲ್ಲಿ ವಸ್ತುಸಂಗ್ರಹಾಲಯವಾಗಿದೆ. ಅದು ಸೋವಿಯತ್ ಮಾದರಿ, ನೀವು ಆಡುವ ಯು-ಬೋಟ್ ಅಲ್ಲ. ಆದರೂ ಒಳಗೆ ಹೋಗಿ ಟಾರ್ಪಿಡೊ ಕೊಳವೆಗಳ ಬಾಯಿಂದ ಪೆರಿಸ್ಕೋಪಿನವರೆಗೆ ಹೆಜ್ಜೆ ಎಣಿಸಿಕೊಂಡು ನಡೆಯಿರಿ. ಶಿವಮೊಗ್ಗದವರಿಗೆ ಹೇಳಿದ ಆ ಅಂತರ ಎಷ್ಟು ದೊಡ್ಡದು ಎಂಬುದು ಕಾಲಿಗೇ ತಿಳಿಯುತ್ತದೆ.